ಕೊನೆಯ ನಿಲ್ದಾಣದ ಅಕ್ಕೋರು

ಇಳಿಯಬೇಕಾದ ಊರು ಕಣ್ಣೆದುರೇ ದಾಟಿ ಹೋಗುತ್ತಿದ್ದರೂ ‘ನಿಲ್ಲಿಸಿ’ ಎಂಬ ಒಂದು ಮಾತು ಗಂಟಲಿನಿಂದ ಹೊರಡದೆ, ವಾಹನ ಒಯ್ದಲ್ಲಿಗೆ ಹೋಗಿ ಮುಟ್ಟಿದ ಅನುಭವ ನಿಮಗೆ ಎಂದಾದರೂ ಆಗಿದೆಯೇ?

ಇಲ್ಲ ಎನ್ನುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಏಕೆಂದರೆ ನಾನೂ ಆ ಸಾಲಿನವನೇ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳ ವೇದಿಕೆಯ ಮೇಲೆ ಬೆಳೆದವನು ನಾನು. ಒಂದು ಊರಿನಲ್ಲಿ ವಿಷಯದ ಪರವಾಗಿ ಮಾತನಾಡಿ, ಮರುವಾರ ಇನ್ನೊಂದು ಊರಿನಲ್ಲಿ ಅದೇ ವಿಷಯದ ವಿರೋಧವಾಗಿ ಮಾತನಾಡಿ, ಎರಡೂ ಕಡೆ ಗೆದ್ದು ಬಂದವನು. ಸಮಾಜದ ರೋಗಗಳಿಗೆಲ್ಲ ಮೂಲ ಮೌನ, ಮದ್ದು ಮಾತು ಎಂದು ನಂಬಿಕೊಂಡೇ ಹೊನ್ನಾವರದ ಒಂದು ಪ್ರೌಢಶಾಲೆಗೆ ಸಮಾಜವಿಜ್ಞಾನದ ಶಿಕ್ಷಕನಾಗಿ ಬಂದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಾನು ಹೇಳಹೊರಟಿರುವ ಶಿಕ್ಷಕಿ ಅಲ್ಲಿ ಗಣಿತ ಕಲಿಸುತ್ತಿದ್ದರು. ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವ ರೀತಿಯಲ್ಲಿ ಮಕ್ಕಳೂ ನಾವೂ ಅವರನ್ನು ‘ಅಕ್ಕೋರು’ ಎನ್ನುತ್ತಿದ್ದೆವು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಚ್ಚಿನಲ್ಲಿ ತಮ್ಮ ಹೆಸರು ಕಂಡಿದ್ದರೆ ಅವರು ಮರುದಿನ ಶಾಲೆಗೆ ಬರುತ್ತಿರಲಿಲ್ಲ.

ಕಳೆದ ತಿಂಗಳು ಕುಮಟಾದಲ್ಲಿ ಅವರು ತೀರಿಕೊಂಡರು. ಸಂತಾಪಸಭೆಯಲ್ಲಿ ಮಾತನಾಡಿದವರೆಲ್ಲರೂ ಅವರನ್ನು ‘ಮಿತಭಾಷಿ’ ಎಂದು ಹೊಗಳಿದರು. ಸಭೆಯ ಮರ್ಯಾದೆಗಾಗಿ ಅಲ್ಲಿ ಸುಮ್ಮನಿದ್ದೆ, ಇಲ್ಲಿ ಆಕ್ಷೇಪಿಸುತ್ತೇನೆ. ಮಾತನಾಡಬಲ್ಲವರು ಮಾತನ್ನು ಹಿಡಿದಿಟ್ಟುಕೊಂಡರೆ ಅದು ಮಿತಭಾಷಣ. ಅವರದು ಅದಲ್ಲ. ಅವರಿಗೆ ಹೆದರಿಕೆಯಿತ್ತು. ಹಾವಿನದಲ್ಲ, ಕತ್ತಲೆಯದಲ್ಲ, ಎದುರಿಗೆ ನಿಂತು ಉತ್ತರಕ್ಕಾಗಿ ಕಾಯುವ ಮನುಷ್ಯನ ಹೆದರಿಕೆ. ಆ ಹೆದರಿಕೆಯನ್ನು ಸದ್ಗುಣವೆಂದು ಕರೆದು ಮುಗಿಸಿಬಿಡುವುದು ಅವರಿಗೆ ಮಾಡುವ ಅನ್ಯಾಯವೆಂದು ನಾನು ಭಾವಿಸುತ್ತೇನೆ.

ಆ ಹೆದರಿಕೆಯ ಸುತ್ತ ಅವರು ಒಂದು ಜೀವನಕ್ರಮವನ್ನೇ ಕಟ್ಟಿಕೊಂಡಿದ್ದರು. ತರಗತಿಯಲ್ಲಿ ಪಾಠವೆಲ್ಲ ಕರಿಹಲಗೆಗೆ ಮುಖಮಾಡಿಯೇ. ಮಕ್ಕಳಿಗೆ ಕಾಣುತ್ತಿದ್ದುದು ಬೆನ್ನು ಮತ್ತು ತುರುಬು. ಆದರೆ ದನಿ ಮಾತ್ರ ಸ್ಪಷ್ಟವಾಗಿ, ತುಂಬಿಕೊಂಡು ಬರುತ್ತಿತ್ತು. ‘ಅಕ್ಕೋರ ಮುಖ ನೋಡ್ಬೇಕಾದ್ರೆ ಬೋರ್ಡಿನ ಹಿಂದೆ ಹೋಗಿ ನಿಂತ್ಕಬೇಕು’ ಎಂದು ನಮ್ಮ ಶಾಲೆಯ ಗುಮಾಸ್ತರು ತಮಾಷೆ ಮಾಡುತ್ತಿದ್ದರು. ಮಕ್ಕಳನ್ನು ಹೆಸರು ಹಿಡಿದು ಎಬ್ಬಿಸಿ ಉತ್ತರ ಕೇಳುವ ಪದ್ಧತಿ ಅವರಲ್ಲಿ ಇರಲಿಲ್ಲ. ಹತ್ತನೆಯ ತರಗತಿಯವರ ಕೈಯಲ್ಲೂ ಪಾಟಿ, ಎಂದರೆ ಸ್ಲೇಟು, ಕೊಟ್ಟಿದ್ದರು. ಉತ್ತರ ಬರೆದು ಎತ್ತಿ ಹಿಡಿದರೆ ಆಯಿತು. ಪ್ರೌಢಶಾಲೆಯಲ್ಲಿ ಪಾಟಿಯೇ ಎಂದು ಉಳಿದ ಶಿಕ್ಷಕರು ನಕ್ಕರೆ ಅವರೂ ನೆಲ ನೋಡುತ್ತ ನಗುತ್ತಿದ್ದರು. ಶಿಕ್ಷಕರ ಸಭೆಯಲ್ಲಿ ಕಂಬದ ಮರೆಯ ಕುರ್ಚಿ ಅವರದು. ಮದುವೆಗಳಿಗೆ ಬರುವುದೇ ವಿರಳ. ಬಂದರೆ ಮೊದಲ ಪಂಕ್ತಿಗೆ ಕುಳಿತು, ಎರಡನೆಯ ಪಂಕ್ತಿಗೆ ಎಲೆ ಹಾಕುವ ಗದ್ದಲದಲ್ಲಿ ಕಾಣೆಯಾಗಿಬಿಡುತ್ತಿದ್ದರು.

ಅವರ ಪ್ರಯಾಣದ ಕ್ರಮವಂತೂ ನನಗೆ ಬಹಳ ಕಾಲ ಅರ್ಥವಾಗಿರಲಿಲ್ಲ. ಅವರ ಅಣ್ಣನ ಮನೆ ಕುಮಟಾ ಮತ್ತು ಹೊನ್ನಾವರದ ನಡುವೆ, ಹೆದ್ದಾರಿಗೆ ತಾಗಿದ ಹಳ್ಳಿಯಲ್ಲಿತ್ತು. ಅಲ್ಲಿ ಅವರಿಗಾಗಿ ಕೋಣೆಯೂ ಇತ್ತು, ಬಾ ಎಂದು ಕರೆಯುವ ಅತ್ತಿಗೆಯೂ ಇದ್ದರು. ಆದರೂ ಅವರು ಆ ಮನೆಯನ್ನು ದಾಟಿ ಮುಂದೆ ಹೋಗಿ, ಕುಮಟಾದ ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಆಸ್ತಿಯ ಜಗಳವಿರಬೇಕೆಂದು ಶಿಕ್ಷಕರ ಕೋಣೆಯ ತೀರ್ಮಾನವಾಗಿತ್ತು.

ನಾನು ಬಂದ ವರ್ಷವೇ ಶಾಲೆಯಲ್ಲಿ ಚರ್ಚಾಕೂಟವನ್ನು ಆರಂಭಿಸಿ, ಅವರನ್ನೂ ಒಮ್ಮೆ ತೀರ್ಪುಗಾರರಾಗಿ ಕುಳಿತುಕೊಳ್ಳುವಂತೆ ಒತ್ತಾಯಿಸಿದೆ. ಮಾತಿನ ಮಹತ್ವವನ್ನು ಕುರಿತು ಸಾಕಷ್ಟು ಉದ್ದವಾಗಿಯೇ ವಾದಿಸಿದೆನೆಂದು ನೆನಪು. ಅವರು ಪೂರ್ತಿ ಕೇಳಿಸಿಕೊಂಡು, ಸೀಮೆಸುಣ್ಣದ ಪುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೇಳಿದರು: “ಮಾಸ್ತರೇ, ಸಭೆ ಅಂದ್ರೆ ನಿಮಗೆ ಹಸಿವೆ. ನಂಗೆ ಜ್ವರ.”

ನಮ್ಮ ಒಂಬತ್ತನೆಯ ತರಗತಿಗೆ ಒಬ್ಬ ಹುಡುಗಿ ಬಂದದ್ದು ಇದಾದ ಕೆಲವು ವರ್ಷಗಳಿಗೆ. ಶರಾವತಿಯ ಸೇತುವೆ ದಾಟಿ ಮಂಕಿಯ ಕಡೆಗೆ ಹೋಗುವ ದಾರಿಯಲ್ಲಿ, ಒಂದು ತಿರುವಿನ ಬದಿಯಲ್ಲೇ ಅವಳ ಮನೆ. ತಂದೆ ಮೀನುಗಾರಿಕೆಯ ದೊಡ್ಡ ಬೋಟಿನಲ್ಲಿ ಕೆಲಸ ಮಾಡುತ್ತ ವರ್ಷದ ಬಹುಭಾಗ ಗೋವೆಯ ಕಡೆ ಇರುತ್ತಿದ್ದ. ತಾಯಿ ಇರಲಿಲ್ಲ. ಅಜ್ಜಿ ಮತ್ತು ಸೋದರಮಾವ ಸಾಕಿದ್ದರು. ಹುಡುಗಿ ಮನೆಯಲ್ಲಿ ಮಾತನಾಡುತ್ತಿದ್ದಳಂತೆ. ಶಾಲೆಯಲ್ಲಿ ಅವಳ ದನಿಯನ್ನು ಕೇಳಿದವರು ಇರಲಿಲ್ಲ. ಹಾಜರಿ ಕೂಗಿದರೆ ಕೈ ಮಾತ್ರ ಎತ್ತುವಳು. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುವಳು; ತುಟಿ ಬಿಳಿಚುವುದು; ಕಣ್ಣು ಹೊರಗಿನ ಯಾವುದನ್ನೋ ಹಿಡಿದುಕೊಂಡು ನಿಲ್ಲುವುದು. ಬುದ್ಧಿ ಸಾಲದೆಂದು ಹೆಚ್ಚಿನವರು ತೀರ್ಮಾನಿಸಿದ್ದರು. ಗಣಿತದಲ್ಲಿ ಮಾತ್ರ ಅವಳ ಪಾಟಿ ಎಲ್ಲರಿಗಿಂತ ಮೊದಲು ಮೇಲೇಳುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನಕ್ಕೇ ಶಾಲೆ ಬಿಟ್ಟಿತ್ತು. ನಾನು ಚರ್ಚಾಕೂಟದ ಮಕ್ಕಳೊಡನೆ ಉಳಿದಿದ್ದೆ. ಅಕ್ಕೋರು ಉತ್ತರಪತ್ರಿಕೆ ತಿದ್ದುತ್ತಿದ್ದರು. ಮೂರು ಗಂಟೆಯ ಸುಮಾರಿಗೆ ಹುಡುಗಿಯ ಮಾವ ಬೆವರಿಳಿಸಿಕೊಂಡು ಬಂದ. ಹುಡುಗಿ ಮನೆ ಮುಟ್ಟಿಲ್ಲ. ದಾರಿಯ ಅಂಗಡಿಗಳಲ್ಲಿ ಕೇಳಿದ್ದಾನೆ. ಅಳಿವೆಯಲ್ಲಿ ದೋಣಿಯವರನ್ನೂ ಕೇಳಿದ್ದಾನೆ. “ಹೊಳೆ ಬದಿಗೆ ಒಂದ್ಸಲ ನೋಡ್ಬೇಕು ಮಾಸ್ತರೇ” ಎಂದ. ಸೇತುವೆಯ ಕೆಳಗಿನ ಆ ಅಗಲವಾದ ಹಸಿರು ನೀರು ನನ್ನ ಕಣ್ಣಿಗೆ ಬಂದು ನಿಂತಿತು. ಹಿಂದಿನ ವಾರವಷ್ಟೇ ಯಾರೋ ಶಿಕ್ಷಕರು ಉತ್ತರ ಹೇಳಲಿಲ್ಲವೆಂದು ಅವಳನ್ನು ತಾಸುಗಟ್ಟಲೆ ನಿಲ್ಲಿಸಿದ್ದರು.

ಅಕ್ಕೋರು ಕೆಂಪು ಪೆನ್ನಿನ ಮುಚ್ಚಳ ಹಾಕಿದರು. “ಹೊಳೆಗೆ ಹೋಗೂದು ಬೇಡ. ಇವತ್ತು ಅವಳ ಜೊತೆಗಾತಿ ಶಾಲೆಗೆ ಬರ್ಲಿಲ್ಲ. ದಿನಾ ಇಳಿಯೂಕೆ ಕೂಗೂದು ಆ ಹುಡುಗಿ. ಇವಳು ಕೂಗಿರೂದಿಲ್ಲ. ಟೆಂಪೋ ಎಲ್ಲಿವರೆಗೆ ಹೋಗ್ತದೋ ಅಲ್ಲಿದ್ದಾಳೆ. ಭಟ್ಕಳಕ್ಕೆ ಹೋಗ್ವ.”

ನಮ್ಮ ಹೆದ್ದಾರಿಯ ಟೆಂಪೋಗಳನ್ನು ಅರಿಯದವರಿಗಾಗಿ ಹೇಳುತ್ತೇನೆ: ಅವುಗಳಲ್ಲಿ ಗಂಟೆಯಿಲ್ಲ. ಹದಿನೈದು ಜನರ ಜಾಗದಲ್ಲಿ ಮೂವತ್ತು ಜನ, ಮೀನಿನ ಬುಟ್ಟಿ, ಜೋರಾಗಿ ಹಾಡುವ ಟೇಪ್. ಇಳಿಯುವವರು ತಮ್ಮ ಊರು ಬಂದಾಗ ಅವೆಲ್ಲದರ ಮೇಲಿಂದ ಕೂಗಬೇಕು. ಕೂಗದಿದ್ದರೆ ನಿಮಗೆ ಇಳಿಯುವ ಊರೇ ಇಲ್ಲ.

ಮಾವ ನಂಬಲಿಲ್ಲ. “ಇಳಿಯೂಕೆ ಹೇಳೂಕೆ ಎಂತ ಕಷ್ಟ ಅಕ್ಕೋರೇ? ಕೋಣಕ್ಕಿಂತ ಕಡೆಯಾ ಅವಳು?”

“ನಂಗೂ ಹೇಳೂಕೆ ಆಗೂದಿಲ್ಲ” ಎಂದರು ಅವರು, ಮೇಜನ್ನು ನೋಡುತ್ತ. “ಅಣ್ಣನ ಮನೆ ಬಿಟ್ಟು ಕುಮಟಾದಲ್ಲಿ ಕೋಣೆ ಮಾಡಿದ್ದು ಎಂತಕ್ಕೆ ಅಂದ್ಕಂಡ್ರಿ? ಅಲ್ಲಿ ಎಲ್ಲರೂ ಇಳಿತಾರೆ. ಕೂಗೂದು ಬೇಡ.”

ಎಷ್ಟೋ ವರ್ಷಗಳ ನಮ್ಮ ಆಸ್ತಿ ಜಗಳದ ಊಹೆ ಅಲ್ಲಿಗೆ ಬಿದ್ದುಹೋಯಿತು. ಮಾವನನ್ನು ಮನೆಗೆ ಕಳಿಸಿ ನಾವಿಬ್ಬರೂ ಭಟ್ಕಳದ ಬಸ್ಸು ಹತ್ತಿದೆವು.

ದಾರಿಯುದ್ದಕ್ಕೂ ನನಗಿದ್ದುದು ಒಂದೇ ಭಯವಲ್ಲ, ಎರಡು. ಅವಳು ಅಲ್ಲಿ ಇಲ್ಲದಿದ್ದರೆ ಎಂಬುದು ಒಂದು. ಅಲ್ಲಿ ಇದ್ದರೆ ಎಂಬುದು ಇನ್ನೊಂದು. ಆ ವರ್ಷಗಳಲ್ಲಿ ನಮ್ಮ ಕರಾವಳಿಯಲ್ಲಿ ಸುದ್ದಿಯೊಂದು ಹುಟ್ಟಿ ಬೆಳೆಯುವುದಕ್ಕೆ ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ಹಿಂದೂ ಹುಡುಗಿ, ಸಂಜೆ, ಭಟ್ಕಳದ ಪೇಟೆ, ಮುಸ್ಲಿಮರ ಅಂಗಡಿ ಎಂಬ ಮಾತುಗಳು ಒಂದೇ ವಾಕ್ಯದಲ್ಲಿ ಬಂದುಬಿಟ್ಟರೆ ಮುಂದಿನ ವಾಕ್ಯವನ್ನು ಯಾರು ಯಾರೋ ಬರೆಯುತ್ತಿದ್ದರು.

ಅವಳು ಅಲ್ಲಿದ್ದಳು. ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಸೀಡಿ ಮಾರುವ ಒಂದು ಅಂಗಡಿ. ಅದರ ಕಟ್ಟೆಯ ಮೇಲೆ, ರಸ್ತೆಗೆಲ್ಲ ಕಾಣುವಂತೆ ಹಾಕಿದ್ದ ಸ್ಟೂಲಿನ ಮೇಲೆ, ಚೀಲವನ್ನು ತಬ್ಬಿಕೊಂಡು ಕುಳಿತಿದ್ದಳು. ಅಂಗಡಿಯೊಳಗೆ ಇರಬೇಕಾದ ಟೀವಿಯನ್ನು ಹೊರಗೆ ತಂದು ಅವಳ ಕಡೆ ತಿರುಗಿಸಿ ಇಡಲಾಗಿತ್ತು. ಅಂಗಡಿಯವರು ನಡುವಯಸ್ಸಿನ ನವಾಯತರು, ಭಟ್ಕಳದ ಮುಸ್ಲಿಮರು. ನಮ್ಮನ್ನು ಕಂಡೊಡನೆ ಎದ್ದು ಬಂದರು. ಹುಡುಗಿ ಮಧ್ಯಾಹ್ನದಿಂದ ಆ ಕಟ್ಟೆಯ ಬದಿಯಲ್ಲಿ ನಿಂತಿದ್ದಳಂತೆ. ಯಾವ ಶಾಲೆ, ಯಾವ ಊರು ಎಂದು ಎಷ್ಟು ಕೇಳಿದರೂ ಬಾಯಿ ಬಿಟ್ಟಿಲ್ಲ. ಟೀವಿಯಲ್ಲಿ ಓಡುತ್ತಿದ್ದ ಕಾರ್ಟೂನನ್ನು ಮಾತ್ರ ಕಣ್ಣೆತ್ತಿ ನೋಡಿದ್ದಾಳೆ. ದುಬೈಯಲ್ಲಿರುವ ತಮ್ಮ ಕಳಿಸಿದ ಸೀಡಿ ಅದು. ಅದನ್ನೇ ಮತ್ತೆ ಮತ್ತೆ ಹಾಕಿ ಕೂರಿಸಿಕೊಂಡಿದ್ದರು. ನಮಾಜಿಗೂ ಹೋಗಿರಲಿಲ್ಲ.

“ನಂಗೂ ಹೆದ್ರಿಕೆ ಟೀಚರಮ್ಮಾ” ಎಂದರು ಅವರು ದನಿ ತಗ್ಗಿಸಿ. “ಒಳಗೆ ಕೂರ್ಸಿದ್ರೆ ಜನ ಎಂತ ಹೇಳ್ತಾರೋ. ಹೊರಗೆ ಬಿಟ್ಟು ಹೋದ್ರೆ ಎಂತ ಆಗ್ತದೋ. ಅದಕ್ಕೇ ಟೀವಿನೇ ಹೊರಗೆ ತಂದೆ.”

ಹೊತ್ತು ಇಳಿಯುತ್ತಿತ್ತು. ರಸ್ತೆಯ ಆಚೆ ಇಬ್ಬರು ಮೂವರು ನಿಂತು ನಮ್ಮನ್ನೇ ನೋಡುತ್ತಿದ್ದರು. ಕೂಡಲೇ ಹೊರಡೋಣವೆಂದು ನಾನು ಅವಸರಿಸಿದೆ. ಅಕ್ಕೋರು ಹುಡುಗಿಯನ್ನು ಗದರಲಿಲ್ಲ, ಏನನ್ನೂ ಕೇಳಲಿಲ್ಲ. ಪಕ್ಕದ ಕಟ್ಟೆಯ ಮೇಲೆ ಕುಳಿತು ಅವರೂ ಕಾರ್ಟೂನು ನೋಡತೊಡಗಿದರು.

ಅದು ಜಪಾನಿನದು. ಮಾತು ಜಪಾನಿ, ಕೆಳಗೆ ಇಂಗ್ಲಿಷಿನ ಸಾಲು. ಮುಖದ ಅರ್ಧವೆಲ್ಲ ಕಣ್ಣೇ ಆಗಿರುವ ಒಬ್ಬ ಹೈಸ್ಕೂಲು ಹುಡುಗಿ. ತರಗತಿಯಲ್ಲಿ ಅವಳಿಗೆ ಒಬ್ಬ ಸ್ನೇಹಿತೆಯೂ ಇಲ್ಲ. ಬುತ್ತಿಯನ್ನು ಮೆಟ್ಟಿಲಿನ ಹಿಂದೆ ಕುಳಿತು ಉಣ್ಣುತ್ತಾಳೆ. ಮಳೆಗಾಲದ ಮೊದಲ ದಿನ ಸಹಪಾಠಿಯೊಬ್ಬಳು ತಪ್ಪಿ ಇವಳ ಕೊಡೆಯನ್ನು ತೆಗೆದುಕೊಂಡು ಹೋಗುತ್ತಾಳೆ. ‘ಅದು ನನ್ನ ಕೊಡೆ’ ಎಂದು ಹೇಳಿದರೆ ಮುಗಿಯಿತು. ಆ ಮಾತನ್ನು ಇವಳು ಕನ್ನಡಿಗೆ ಹೇಳುತ್ತಾಳೆ, ಗೋಡೆಯ ಮೇಲಿನ ಬೆಕ್ಕಿಗೆ ಹೇಳುತ್ತಾಳೆ, ರೈಲು ನಿಲ್ದಾಣದ ಕಂಬಕ್ಕೆ ಹೇಳುತ್ತಾಳೆ. ಆ ಸಹಪಾಠಿಯ ಎದುರು ನಿಂತಾಗ ಮಾತ್ರ ಹೊರಡುವುದಿಲ್ಲ. ಹಾಗೆ ಮಳೆಗಾಲವಿಡೀ ನೆನೆಯುತ್ತಾಳೆ. ನಗು ಬರುವಂತೆ ಮಾಡಿದ ಚಿತ್ರವದು. ನನಗೂ ನಗು ಬಂತು. ಪಕ್ಕಕ್ಕೆ ತಿರುಗಿ ನೋಡಿದರೆ ಅಕ್ಕೋರ ತುಟಿಗಳು ಅಲುಗುತ್ತಿದ್ದವು. ಇಂಗ್ಲಿಷಿನ ಸಾಲುಗಳನ್ನು ಅವರು ಹುಡುಗಿಯ ಕಿವಿಗೆ ನಮ್ಮ ಕಡೆಯ ಮಾತಿನಲ್ಲಿ ಪಿಸುಗುಟ್ಟುತ್ತಿದ್ದರು. ಇಬ್ಬರೂ ನಗುತ್ತಿರಲಿಲ್ಲ. ಇಬ್ಬರ ಮುಖದಲ್ಲೂ ಒಂದೇ ಭೀತಿಯಿತ್ತು: ಈಗ ಹೇಳುತ್ತಾಳೋ ಇಲ್ಲವೋ.

ಕೊನೆಗೆ ಶಾಲೆಯ ಗೇಟಿನಲ್ಲಿ ಅವಳು ಆ ಸಹಪಾಠಿಯನ್ನು ತಡೆದು ನಿಲ್ಲಿಸಿ ಬಾಯಿ ತೆರೆಯುತ್ತಾಳೆ. ಅಷ್ಟಕ್ಕೇ ಸೀಡಿ ಮುಗಿಯಿತು. ಎರಡನೆಯ ಸೀಡಿ ಇನ್ನೂ ಬಂದಿಲ್ಲವೆಂದು ಅಂಗಡಿಯವರು ತಪ್ಪಿತಸ್ಥರಂತೆ ಹೇಳಿದರು. ಹುಡುಗಿ ಆ ಸೀಡಿಯ ಕವರನ್ನೇ ನೋಡುತ್ತಿದ್ದುದನ್ನು ಕಂಡು, ನೋಡಿ ಹಿಂದಿರುಗಿಸಿ ಎಂದು ಅದನ್ನು ಅಕ್ಕೋರ ಕೈಗೆ ಕೊಟ್ಟರು.

ಹುಡುಗಿಯನ್ನು ಮನೆಗೆ ಮುಟ್ಟಿಸಿದಾಗ ದೀಪ ಹಚ್ಚುವ ಹೊತ್ತು. ಅಜ್ಜಿ ಅವಳನ್ನು ತಬ್ಬಿಕೊಂಡು ಅತ್ತರು. ಮಾವ ಅಳಲಿಲ್ಲ. ನಾಳೆಯಿಂದ ಶಾಲೆ ಬೇಡ, ಮನೆಯಲ್ಲಿದ್ದು ಬೀಡಿ ಕಟ್ಟಲಿ ಎಂದ. ನಾಳೆ ಭಾನುವಾರ, ನಾವು ಬಂದು ಮಾತನಾಡುತ್ತೇವೆ, ಅಲ್ಲಿಯವರೆಗೆ ನಿರ್ಧಾರ ಬೇಡ ಎಂದು ನಾನು ಅವನಿಂದ ಮಾತು ಪಡೆದೆ. ಅಕ್ಕೋರು ಹುಡುಗಿಗೆ, ನಾಳೆ ಸೀಡಿ ತರುತ್ತೇನೆ, ಪಕ್ಕದ ಮನೆಯ ಟೀವಿಯಲ್ಲಿ ನೋಡುವ ಎಂದಷ್ಟೇ ಹೇಳಿದರು.

ಭಾನುವಾರ ಬೆಳಿಗ್ಗೆ ನಾನು ಕೂಗಿ ಟೆಂಪೋ ನಿಲ್ಲಿಸಿ, ಇಬ್ಬರೂ ಆ ತಿರುವಿನಲ್ಲಿ ಇಳಿದಾಗ ಅಂಗಳದಲ್ಲಿ ಜನವಿತ್ತು. ನಾಲ್ಕೈದು ಮೋಟರ್‌ಸೈಕಲ್ಲುಗಳು ರಸ್ತೆಗೆ ಮುಖಮಾಡಿ ನಿಂತಿದ್ದವು. ಭಟ್ಕಳದಲ್ಲಿ ಅವಳು ಆ ಅಂಗಡಿಯ ಮುಂದೆ ಕುಳಿತದ್ದನ್ನು ಯಾರೋ ನೋಡಿದ್ದರು. ರಾತ್ರಿ ಕಳೆಯುವುದರೊಳಗೆ ಕಟ್ಟೆ ಹೋಗಿ ಅಂಗಡಿಯ ಒಳಗಾಗಿತ್ತು, ಸ್ಟೂಲು ಹೋಗಿ ಇನ್ನೇನೋ ಆಗಿತ್ತು.

ಹುಡುಗಿ ಬಾಗಿಲಿನ ಮರೆಯಲ್ಲಿ ಅಜ್ಜಿಯ ಸೆರಗು ಹಿಡಿದು ನಿಂತಿದ್ದಳು. ಮುಂದೆ ನಿಂತಿದ್ದ ಯುವಕನ ಮಾತು ಒರಟಾಗಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. “ಹೆದ್ರಬೇಡ ತಂಗಿ. ಅವ ಎಂತ ಮಾಡ್ದ, ಒಂದು ಮಾತು ಹೇಳು. ಮುಂದಿನದ್ದು ನಾವು ನೋಡ್ಕಂತೇವೆ.” ಅವಳ ತುಟಿ ಬಿಳಿಚಿತು. ಕಣ್ಣು ತೆಂಗಿನ ಮರವೊಂದನ್ನು ಹಿಡಿದು ನಿಂತಿತು. ಅವನು ಹಿಂದಿರುಗಿ ಉಳಿದವರಿಗೆ ಹೇಳಿದ: “ಬಾಯಿ ಬಿಡೂದಿಲ್ಲ ಅಂದ್ರೆ ಎಂತೋ ಆಗಿದೆ ಅಂತ್ಲೇ ಅರ್ಥ.”

ಓದುಗರೇ, ಆ ಕ್ಷಣದಲ್ಲಿ ಅಪಾಯದಲ್ಲಿದ್ದುದು ಏನೆಂಬುದು ಸ್ಪಷ್ಟವಿರಲಿ. ಆ ಹುಡುಗಿ ಒಂದು ವಾಕ್ಯ ಹೇಳಿದರೆ ಎಲ್ಲವೂ ಮುಗಿಯುತ್ತಿತ್ತು. ಹೇಳದಿದ್ದರೆ ಭಟ್ಕಳದ ಒಬ್ಬ ನಿರಪರಾಧಿಯ ಅಂಗಡಿ ಉಳಿಯುತ್ತಿರಲಿಲ್ಲ. ಅಂಗಡಿ ಹೋದ ಮೇಲೆ ಇನ್ನೇನು ಹೋಗುತ್ತಿತ್ತೋ. ಅವಳಂತೂ ಮತ್ತೆ ಆ ಬಾಗಿಲನ್ನು ದಾಟಿ ಶಾಲೆಗೆ ಬರುತ್ತಿರಲಿಲ್ಲ.

ನಾನು ಮಾತನಾಡಿದೆ. ಕಂಡದ್ದನ್ನು ಕಂಡಂತೆ, ಕ್ರಮವಾಗಿ, ಸಾಕ್ಷ್ಯ ಸಮೇತ ಹೇಳಿದೆ. ಅವರು ತಾಳ್ಮೆಯಿಂದಲೇ ಕೇಳಿದರು. ಮುಗಿದ ಮೇಲೆ ಆ ಯುವಕ ನಕ್ಕ. “ಚಂದ ಮಾತಾಡ್ತ್ರಿ ಮಾಸ್ತರೇ. ಗಣಪತಿ ಪೆಂಡಾಲಿನಲ್ಲೂ ಕೇಳಿದ್ದೇವೆ. ಎರಡೂ ಬದಿ ಮಾತಾಡಿ ಎರಡೂ ಬದಿ ಬಹುಮಾನ ತಕಂಡವ್ರು ನೀವು. ಈಗ ಹುಡುಗಿ ಮಾತಾಡ್ಲಿ.” ಯಾರೋ ಮೋಟರ್‌ಸೈಕಲ್ಲಿನ ಕೀಲಿ ತಿರುಗಿಸಿದರು.

ಆಗ ಅಂಗಳದ ಬೇಲಿಯಾಚೆಯಿಂದ, ಪಕ್ಕದ ಮನೆಯ ಜಗಲಿಯಿಂದ, ಅರ್ಥವಾಗದ ಭಾಷೆಯೊಂದು ಕೇಳಿಬಂತು. ಎಲ್ಲರೂ ತಿರುಗಿದರು. ಅಕ್ಕೋರು ಯಾವಾಗ ಅಲ್ಲಿಗೆ ಹೋದರೋ ತಿಳಿಯದು. ಸೀಡಿ ಹಾಕಿ, ಟೀವಿಗೆ ಮುಖಮಾಡಿ, ಜನರಿಗೆ ಬೆನ್ನು ಹಾಕಿ ನಿಂತಿದ್ದರು. ಕರಿಹಲಗೆಯ ಮುಂದೆ ನಿಲ್ಲುವಂತೆಯೇ. ಮಕ್ಕಳು ಓಡಿದರು. “ಅಕ್ಕೋರು ಸಿನಿಮಾ ತೋರಿಸ್ತಾರೆ, ಬರ್ರೋ” ಎಂದು ಒಬ್ಬ ಹಂಗಿಸಿದ. ಹೆಂಗಸರು ಬೇಲಿಗೆ ಬಂದರು. ಅಜ್ಜಿ ಹುಡುಗಿಯ ಕೈ ಹಿಡಿದೇ ಬಂದು, “ಆ ಹುಡುಗಿ ಎಂತ ಹೇಳ್ತದೆ ಅಕ್ಕೋರೇ?” ಎಂದು ಕೇಳಿದರು.

ಅಕ್ಕೋರ ಕಿವಿ ಕೆಂಪಾದದ್ದು ನನಗೆ ಕಾಣುತ್ತಿತ್ತು. ಎಡಗೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಈಗ ಇವರು ಕುಸಿಯುತ್ತಾರೆ ಎಂದುಕೊಂಡೆ. ಅವರು ಬಾಯಿ ತೆರೆದರು.

“ಅದು ನನ್ನ ಕೊಡೆ. ಮನೇಲಿ ಹೇಳೂಕೆ ಬರ್ತದೆ ನಂಗೆ. ಕನ್ನಡಿಗೆ ಹೇಳ್ತೆ, ಬೆಕ್ಕಿಗೆ ಹೇಳ್ತೆ. ಶಾಲೇಲಿ ಅವಳ ಮುಂದೆ ನಿಂತ್ರೆ ಬಾಯಿ ಒಣಗ್ತದೆ. ಎಲ್ಲರೂ ನನ್ನೇ ನೋಡ್ತಾರೆ ಅನಿಸ್ತದೆ. ಯಾರೂ ನೋಡೂದಿಲ್ಲ. ಆದ್ರೂ ಅನಿಸ್ತದೆ.”

ಪಾಠ ಹೇಳುವಾಗಿನ ಅದೇ ತುಂಬಿದ ದನಿ. ಆ ಜಪಾನಿ ಹುಡುಗಿ ಬಾಯಿ ಅಲುಗಿಸಿದಾಗಲೆಲ್ಲ ಇವರು ‘ನಾನು’ ಎಂದು ಮಾತನಾಡಿದರು. ಗುಂಪಿನಲ್ಲಿ ಯಾರೋ ಏನೋ ಹೇಳಹೊರಟಾಗ, ಜಗಲಿಯಲ್ಲಿ ಕುಳಿತಿದ್ದ ಆ ಮನೆಯ ಮುದುಕರು ಕೈ ಎತ್ತಿದರು: “ಅಕ್ಕೋರು ಅರ್ಥ ಹೇಳ್ತಾರೆ. ಸುಮ್ನಿರ್ರೋ.” ಕುಣಿತವಿಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನ, ತಾಳಮದ್ದಳೆ, ಕೇಳಿ ಬೆಳೆದ ಊರು ನಮ್ಮದು. ಪಾತ್ರ ಹಿಡಿದು ಅರ್ಥ ಹೇಳುವವರ ನಡುವೆ ಬಾಯಿ ಹಾಕುವ ಪದ್ಧತಿ ಇಲ್ಲ. ಕೀಲಿ ತಿರುಗಿಸಿದವನೂ ಗಾಡಿ ಆರಿಸಿದ.

ಮೆಟ್ಟಿಲಿನ ಹಿಂದಿನ ಬುತ್ತಿ ಆಯಿತು, ಮಳೆಯಾಯಿತು, ರೈಲು ನಿಲ್ದಾಣದ ಕಂಬ ಆಯಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಪರದೆ ಕಪ್ಪಾಯಿತು. ಜನ ಗುಜುಗುಜು ಮಾಡುವ ಮೊದಲೇ ಅಕ್ಕೋರು, ಅದೇ ಕಪ್ಪು ಗಾಜಿಗೆ ಮುಖಮಾಡಿ, ಮುಂದುವರಿಸಿದರು.

“ಟೆಂಪೋದಲ್ಲಿ ಕೂತೆ. ಇವತ್ತು ಅವಳು ಬಂದಿಲ್ಲ, ನಾನೇ ಕೂಗ್ಬೇಕು. ಸೇತುವೆ ದಾಟ್ತು. ಈಗ ಹೇಳ್ತೆ, ಈಗ ಹೇಳ್ತೆ. ತಿರುವು ಬಂತು. ಅಂಗಳದಲ್ಲಿ ಅಜ್ಜಿ ಶೇಂಗಾ ಹರವೂದು ಕಾಣ್ತು. ಬಾಯಿ ಬರ್ಲಿಲ್ಲ. ತಿರುವು ಹೋತು. ಎಲ್ಲರೂ ಇಳಿದಲ್ಲಿ ಇಳಿದೆ. ಯಾರ ಹತ್ರ ಎಂತ ಕೇಳೂದು? ಟೀವಿ ಇತ್ತು, ಅದರ ಮುಂದೆ ನಿಂತೆ. ಅಂಗಡಿಯವ್ರು ಸ್ಟೂಲು ಹಾಕಿ ಕೊಟ್ರು. ಚಾ ತಂದು ಕೊಟ್ರು. ಕುಡಿದೆ.”

ಚಾ ಎಂಬ ಮಾತಿಗೆ ಗುಂಪು ಅಲುಗಿತು. ನವಾಯತರ ಮನೆಯ ಚಾವನ್ನು ಹುಡುಗಿ ಕುಡಿದಳೇ? ಅದರಲ್ಲಿ ಏನು ಹಾಕಿದ್ದರೋ? ಮುಂದೆ ನಿಂತ ಯುವಕ ಅರ್ಥಪೂರ್ಣವಾಗಿ ಹಿಂದೆ ನೋಡಿದ. ನಾನು ಕಣ್ಣು ಮುಚ್ಚಿದೆ. ಅಂಗಡಿಯಲ್ಲಿ ಯಾರೂ ಚಾದ ಮಾತನ್ನು ಎತ್ತಿರಲಿಲ್ಲ. ಅಕ್ಕೋರು ಇಲ್ಲದ್ದೊಂದನ್ನು ಹೇಳಿ ಕೆಟ್ಟಿತೆಂದುಕೊಂಡೆ.

“ಚಾ ಅಲ್ಲ.”

ಆ ದನಿಯನ್ನು ನಾನು ಮೊದಲ ಬಾರಿಗೆ ಕೇಳಿದೆ. ಸಣ್ಣ ದನಿ, ಸ್ವಲ್ಪ ಒಡೆದಂತೆ. ಅಜ್ಜಿಯ ಬೆನ್ನಿನ ಹಿಂದಿನಿಂದ ಬಂದಿತ್ತು.

“ಚಾ ಅಲ್ಲ ಅಕ್ಕೋರೇ. ಎಳನೀರು. ಗಾಡಿಯವನ್ನ ಕರ್ಸಿ, ನನ್ನೆದುರೇ ಕೆತ್ಸಿ ಕೊಟ್ರು. ಅವ್ರು ಮುಟ್ಲೂ ಇಲ್ಲ.” ಒಂದು ಉಸಿರೆಳೆದುಕೊಂಡು ಅವಳೇ ಮುಂದುವರಿಸಿದಳು: “ನಂಗೆ ಇಳಿಯೂಕೆ ಹೇಳೂಕೆ ಆಗ್ಲಿಲ್ಲ. ಅಷ್ಟೇ ಆದದ್ದು.”

ಮೊದಲು ಮಾತನಾಡಿದವರು ಅಜ್ಜಿ. “ಮನೆ ನೀರು ಕೊಡ್ಲಿಲ್ಲ, ಎಳನೀರು ಕೊಡ್ಸಿದ. ಈ ಹುಡುಗಿ ಮನೇಲಿ ನಾಳೆ ಮಾತು ಬರೂದು ಬೇಡ ಅಂತ ಯೋಚ್ನೆ ಮಾಡಿದವ ಅವ. ನಮ್ಮ ಮನೆ ರೀತಿ ನಿಮಗಿಂತ ಚಲೋ ಗೊತ್ತದೆ ಅವಂಗೆ. ಇನ್ನು ಎಂತ ಕೇಳೂದದೆ? ಆತು, ಹೋಗಿ. ಶೇಂಗಾ ತುಳಿಬೇಡಿ.”

ಅವರು ಹೋದರು. ಆದರೆ ಕೊನೆಯ ಗಾಡಿಯೊಂದು ಹೊನ್ನಾವರದ ಕಡೆಗೆ ತಿರುಗದೆ ಭಟ್ಕಳದ ಕಡೆಗೆ ಹೋದದ್ದನ್ನು ನಾನು ನೋಡಿದೆ. ಅಕ್ಕೋರು ಆಗಲೇ ಜಗಲಿಯ ಮೂಲೆಯಲ್ಲಿ ಕುಳಿತು ಬಕೆಟ್ಟಿಗೆ ವಾಂತಿ ಮಾಡಿಕೊಳ್ಳುತ್ತಿದ್ದರು. ಹುಡುಗಿ ಅವರ ಬೆನ್ನು ತಿಕ್ಕುತ್ತಿದ್ದಳು.

ಆ ಒಂಟಿ ಗಾಡಿಯ ಶಬ್ದ ನನ್ನ ಕಿವಿಯಿಂದ ಹೋಗಲಿಲ್ಲ. ಮಂಕಿಯ ಒಂದು ಟೆಲಿಫೋನ್ ಬೂತಿಗೆ ಹೋಗಿ, ಸೀಡಿಯ ಕವರಿನ ಮೇಲಿದ್ದ ಅಂಗಡಿಯ ನಂಬರಿಗೆ ಫೋನು ಮಾಡಿದೆ. ಗಂಟೆ ಬಾರಿಸುತ್ತಲೇ ಇತ್ತು. ಕೊನೆಗೆ ಯಾರೋ ಎತ್ತಿದರು. ಅವರದೇ ದನಿ. ಅಂಗಡಿಯಿತ್ತು, ಅವರಿದ್ದರು. ಹೇಳಬೇಕಾದದ್ದು ಎಷ್ಟೋ ಇತ್ತು: ಎಚ್ಚರದಿಂದಿರಿ, ಬಾಗಿಲು ಹಾಕಿಕೊಳ್ಳಿ, ಕ್ಷಮಿಸಿ. ಒಂದೂ ಹೊರಡಲಿಲ್ಲ. ಬಾಯಿ ತೆರೆದೇ ಇತ್ತು. ನಾಲಿಗೆ ಮರದ ತುಂಡಿನಂತೆ ಬಿದ್ದಿತ್ತು.

“ಹಲೋ? ಯಾರು?” ಎಂದು ಎರಡು ಮೂರು ಸಲ ಕೇಳಿದ ಮೇಲೆ ಆ ಕಡೆಯ ದನಿ ಮೆತ್ತಗಾಯಿತು. “ಟೀಚರಮ್ಮ, ನೀವಾ? ಮಾತಾಡೂದು ಬೇಡ. ಹುಡುಗಿ ಸರಿಯಾಗಿ ಮನೆ ಮುಟ್ಟಿದ್ರೆ ಫೋನಿನ ಮೇಲೆ ಒಂದ್ಸಲ ಬೆರಳಲ್ಲಿ ತಟ್ಟಿ, ಸಾಕು.”

ನಾನು ತಟ್ಟಿದೆ.

ಆ ದಿನ ಏನೂ ಆಗಲಿಲ್ಲ. ಮರುದಿನವೂ ಆಗಲಿಲ್ಲ. ಆಗದೆ ಉಳಿದದ್ದಕ್ಕೆ ಪತ್ರಿಕೆಯಲ್ಲಿ ಸ್ಥಳವಿರುವುದಿಲ್ಲ, ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ. ಹುಡುಗಿ ಸೋಮವಾರ ಶಾಲೆಗೆ ಬಂದಳು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಪಾಸಾದಳು. ಬಹಳ ಮಾತಿನವಳೇನೂ ಆಗಲಿಲ್ಲ. ಈಗ ಎಲ್ಲೋ ಲೆಕ್ಕಪತ್ರ ನೋಡಿಕೊಂಡು, ಮಗಳನ್ನು ಸಾಕುತ್ತ ಇದ್ದಾಳೆ. ಸಂತಾಪಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಎರಡನೆಯ ಭಾಷಣದ ಗದ್ದಲದಲ್ಲಿ ಕಾಣೆಯಾದಳು.

ಆ ಚಾದ ವಿಷಯವನ್ನು ನಾನು ಅಕ್ಕೋರನ್ನು ಒಮ್ಮೆ ಕೇಳಿದ್ದುಂಟು. ಹುಡುಗಿಯ ಬಾಯಿಂದ ಮಾತು ಹೊರಡಿಸಲು ಬೇಕೆಂದೇ ತಪ್ಪು ಹೇಳಿದರೋ ಎಂಬುದು ನನ್ನ ಅನುಮಾನವಾಗಿತ್ತು. ಅವರು ಪಾಟಿ ಒರೆಸುತ್ತ, “ಅಂಗಡಿಯವ್ರು ಚಾ ಕೊಡ್ದೆ ಬಿಡ್ತಾರಾ ಅಂತ ಅಂದಾಜು ಮಾಡ್ದೆ ಮಾಸ್ತರೇ. ಲೆಕ್ಕ ತಪ್ಪಿತು” ಎಂದರು. ಇನ್ನೂ ಕೆದಕಿದ್ದರೆ ಅವರಿಗೆ ಜ್ವರ ಬರುತ್ತಿತ್ತು, ಸುಮ್ಮನಾದೆ. ಧೈರ್ಯ ಬಂದು ಅವರು ಬದಲಾದರು ಎಂದು ನಾನು ಬರೆಯಲಾರೆ. ನಿವೃತ್ತಿಯಾಗುವವರೆಗೂ ಕಂಬದ ಮರೆಯಲ್ಲೇ ಕುಳಿತರು, ನಿವೃತ್ತಿಯ ಸಮಾರಂಭಕ್ಕೆ ಬರಲಿಲ್ಲ, ಕೊನೆಯ ತನಕ ಕುಮಟಾದ ಆ ಕೋಣೆಯಲ್ಲೇ ಇದ್ದರು. ದುಬೈಯಿಂದ ಎರಡನೆಯ ಸೀಡಿ ಬಂದಾಗ ಅಂಗಡಿಯವರು ಅದನ್ನು ನೆನಪಿಟ್ಟು ಕಳಿಸಿಕೊಟ್ಟರು. ಅಕ್ಕೋರು ಅದನ್ನು ಹುಡುಗಿಗೆ ಕೊಟ್ಟರೇ ಹೊರತು ತಾವು ನೋಡಲಿಲ್ಲ. ಏಕೆಂದು ಕೇಳಿದೆ.

“ಹೆದ್ರಿಕೆ ಆಗ್ತದೆ” ಎಂದರು. “ಅವಳು ಕೊಡೆ ಕೇಳ್ದೇ ಹೋಗಿದ್ರೆ?”

ಹೆದ್ದಾರಿ ಈಗ ಅಗಲವಾಗಿದೆ. ಟೆಂಪೋಗಳು ಇನ್ನೂ ಜೋರಾಗಿ ಓಡುತ್ತವೆ. ಆ ತಿರುವನ್ನು ದಾಟುವಾಗ ಈಗಲೂ ಒಮ್ಮೆ ಆ ಅಂಗಳದ ಕಡೆ ನೋಡುತ್ತೇನೆ. ಅವರ ಹೆಸರಿನಲ್ಲಿ ಪ್ರಶಸ್ತಿಯಾಗಲಿ ಭಾಷಣವಾಗಲಿ ಬೇಡ; ಅವರಿಗೆ ಅದು ಸೇರುತ್ತಿರಲಿಲ್ಲ. ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ಟೆಂಪೋದಲ್ಲಿ ನಿಮ್ಮ ಪಕ್ಕದಲ್ಲಿ ಚೀಲ ತಬ್ಬಿಕೊಂಡು ಮಾತಿಲ್ಲದೆ ಕುಳಿತವರು ಇದ್ದರೆ, ಎಲ್ಲಿ ಇಳಿಯುವುದೆಂದು ಮೆಲ್ಲಗೆ ಕೇಳಿ. ಉತ್ತರ ಬರುವವರೆಗೆ ಕಾಯಿರಿ. ಆ ಊರು ಬಂದಾಗ ಅವರ ಪರವಾಗಿ ನೀವು ಕೂಗಿ.